ಹೆಸರಿಲ್ಲದ ಮುನ್ನೂರ ಎಂಬತ್ತಾರು ಡಿಸ್ಕುಗಳು

ಮಾರ್ಚ್ 3, ಸೋಮವಾರ

ನಿವೃತ್ತಿಯಾದ ಮೇಲಿನ ಮೊದಲ ಸೋಮವಾರ. ಅಂಚೆ ವಿಂಗಡಣೆ ಕೇಂದ್ರದ ಗೆಳೆಯರು ಬೀಳ್ಕೊಡುಗೆಗೆಂದು ಈ ದಿನಚರಿ ಕೊಟ್ಟಿದ್ದಾರೆ. ಜನವರಿ, ಫೆಬ್ರವರಿಯ ಹಾಳೆಗಳು ಖಾಲಿ ಉಳಿದಿವೆ. ಆ ಎರಡು ತಿಂಗಳು ನಾನು ಬದುಕಿದ್ದೆ ಎಂಬುದಕ್ಕೆ ಸಾಕ್ಷಿ ಬೇಕಾದವರು ಬೇರೆ ಕಡೆ ಹುಡುಕಿಕೊಳ್ಳಲಿ.

ಮೂವತ್ತನಾಲ್ಕು ವರ್ಷ ಕಂಡವರ ಕಾಗದಗಳನ್ನು ಗೂಡುಗೂಡಿಗೆ ಹಾಕಿದ್ದಾಯಿತು. ಇನ್ನು ನನ್ನದೇ ಕೆಲಸ. ನಡುಕೋಣೆಯ ಗೋಡೆ ತುಂಬ ಎರಡು ಸಾವಿರದ ನೂರ ನಲವತ್ತು ಸಿನಿಮಾ ಡಿಸ್ಕುಗಳಿವೆ. ಅಂಗಡಿಯಲ್ಲಿ ಕೊಂಡವು, ಟಿವಿಯಿಂದ ರೆಕಾರ್ಡ್ ಮಾಡಿಕೊಂಡವು, ಎಲ್ಲವೂ ನಿವೃತ್ತಿಯ ಮೇಲೆ ನೋಡಿದರಾಯಿತು ಎಂದು ಎತ್ತಿಟ್ಟವು. ದಿನಕ್ಕೊಂದರಂತೆ ನೋಡಿದರೆ ಆರು ವರ್ಷಕ್ಕೆ ಚಿಂತೆಯಿಲ್ಲ. ಬೆಳಗ್ಗೆ ಮೊದಲನೆಯದನ್ನು ಕೈಗೆತ್ತಿಕೊಂಡಿದ್ದೇ ತಡ, ಫೋನು ಬಂತು.

ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದು ಹದಿನೈದು ದಿನದ ಹಳೆಯ ಸುದ್ದಿ. ಶಸ್ತ್ರಚಿಕಿತ್ಸೆಯೂ ಆಗಿದೆ. ಹೊಸ ಸುದ್ದಿಯೆಂದರೆ ಮುಂದಿನ ಸೋಮವಾರ ಆಸ್ಪತ್ರೆಯಿಂದ ಬಿಡುತ್ತಾರೆ. ಅವರು ಇಷ್ಟು ದಿನ ಇದ್ದದ್ದು ಮಗನ ಮನೆಯಲ್ಲಿ, ಅಂದರೆ ನನ್ನವಳ ಅಣ್ಣನಲ್ಲಿ. ಆ ಭಾವನ ಮನೆ ಮೂರನೆಯ ಮಹಡಿ, ಲಿಫ್ಟಿಲ್ಲ. ಆದ್ದರಿಂದ ಆರು ವಾರ ನಮ್ಮಲ್ಲಿ. ಏಪ್ರಿಲ್ 20ಕ್ಕೆ ಒಂದು ವೃದ್ಧಾಶ್ರಮದಲ್ಲಿ ಕೋಣೆ ಸಿಗುತ್ತದೆ, ಅಂದು ಭಾವ ಬಂದು ಕರೆದೊಯ್ಯುತ್ತಾರೆ.

ನನ್ನವಳು ಕೆಲಸದಿಂದ ಬಂದು ಚೀಲ ಕೂಡ ಕೆಳಗಿಡದೆ ಹೇಳಿದಳು: “ರೀ, ಅಮ್ಮ ಆಮೇಲೂ ಇಲ್ಲೇ ಇದ್ರೆ ಚೆನ್ನಾಗಿರುತ್ತೆ ಅಂತ ನನಗಾಸೆ. ಆದ್ರೆ ಒತ್ತಾಯ ಇಲ್ಲ. ದಿನವಿಡೀ ಮನೇಲಿರೋರು ನೀವು. ನೀವು ಹೂಂ ಅಂದ್ರೆ ಮಾತ್ರ.”

“ಯೋಚನೆ ಮಾಡ್ತೀನಿ” ಎಂದೆ. ಇದು ನಾನು ಇಲ್ಲ ಎನ್ನುವ ರೀತಿ. ಅವಳಿಗೆ ಗೊತ್ತು.

ಮಾರ್ಚ್ 5, ಬುಧವಾರ

ಅತ್ತೆಯ ಬಗ್ಗೆ ಎರಡು ಮಾತು ಬರೆದಿಡುತ್ತೇನೆ, ಹೊಟ್ಟೆ ಹಗುರಾಗಲಿ. ಮದುವೆಯ ಮಾತುಕತೆಯ ದಿನ ಅವರು “ಸಿನಿಮಾ ಹುಚ್ಚಿರೋ ಗಂಡು ಬೇಡ” ಎಂದಿದ್ದರು. ನನ್ನೆದುರಿಗೇ. ಮಗಳು ಹಟ ಹಿಡಿದಳು, ಮದುವೆಯಾಯಿತು. ಅಂದಿನಿಂದ ಇಪ್ಪತ್ತೊಂಬತ್ತು ವರ್ಷ ಅವರು ನನ್ನ ಜೊತೆ ನೇರವಾಗಿ ಮಾತಾಡಿಲ್ಲ. ನಾನು ಒಂದು ಮಾರು ದೂರದಲ್ಲಿ ಕೂತಿದ್ದರೂ “ಅಳಿಯಂದ್ರಿಗೆ ಚಹಾ ಸಾಕಾ ಕೇಳು” ಎಂದು ಮಗಳಿಗೆ ಹೇಳುತ್ತಾರೆ. ನಾನೂ ಬಿಡುವವನಲ್ಲ, “ಸಾಕು ಅಂತ ಹೇಳು” ಎನ್ನುತ್ತೇನೆ. ನಡುವೆ ಟಪಾಲು ಸಾಗಿಸುವ ಕೆಲಸ ನನ್ನವಳದು.

ತಮಾಷೆಯೆಂದರೆ ಆ ಯಮ್ಮ ಇಪ್ಪತ್ತೆರಡು ವರ್ಷ ಚಿತ್ರಮಂದಿರವೊಂದರ ಟಿಕೆಟ್ ಕಿಟಕಿಯಲ್ಲಿ ಕೂತವರು. ಸಿಹಿ ಅಂಗಡಿಯವರಿಗೆ ಸಿಹಿ ಕಂಡರಾಗದಂತೆ, ಇದೂ ಅಷ್ಟೇ ಇರಬೇಕು.

ಮಾರ್ಚ್ 8, ಶನಿವಾರ

ಮಂಚ ಹಾಕಲು ನಡುಕೋಣೆ ಖಾಲಿಯಾಗಬೇಕು. ಗೋಡೆಯಷ್ಟು ಡಿಸ್ಕುಗಳನ್ನು ಒಂದು ಬೀರುವಿಗೆ ಇಳಿಸುವುದು ಹೇಗೆ? ತಲೆ ಇದ್ದವನಿಗೆ ಸುಲಭ. ಜಾಗ ತಿನ್ನುವುದು ಡಿಸ್ಕಲ್ಲ, ಅದರ ಪ್ಲಾಸ್ಟಿಕ್ ಡಬ್ಬಿ. ಜೇಬುಗಳಿರುವ ದಪ್ಪ ಆಲ್ಬಂಗಳು ಸಿಗುತ್ತವೆ, ಒಂದರಲ್ಲಿ ಇನ್ನೂರು ಜೇಬು. ಹನ್ನೊಂದು ತಂದೆ.

ಎರಡು ದಿನದಲ್ಲಿ ಅಷ್ಟೂ ಡಬ್ಬಿ ಬಿಚ್ಚಿದೆ. ಡಿಸ್ಕು ಎಡಕ್ಕೆ, ಹೆಸರಿನ ಚೀಟಿ ಬಲಕ್ಕೆ, ಡಬ್ಬಿ ಹಿಂದಕ್ಕೆ. ಈ ಕೈಗಳಿಗೆ ಇನ್ನೂ ವಯಸ್ಸಾಗಿಲ್ಲ. ಮಧ್ಯಾಹ್ನ ಗುಜರಿಯವನು ಬಂದು ಡಬ್ಬಿಗಳನ್ನು ಹದಿನೇಳು ಗೋಣಿಯಲ್ಲಿ ತುಂಬಿಕೊಂಡು ಹೋದ. ಚೀಟಿಗಳನ್ನು ಅಕಾರಾದಿಯಾಗಿ ಜೋಡಿಸಿ ಶೂ ಪೆಟ್ಟಿಗೆಗಳಲ್ಲಿಟ್ಟೆ. ನೋಡಲು ಎರಡು ಕಣ್ಣು ಸಾಲದು.

ಮಾರ್ಚ್ 9, ಭಾನುವಾರ

ನಾನೊಬ್ಬ ಪೆದ್ದ.

ಮಧ್ಯಾಹ್ನ. ಸ್ವಲ್ಪ ಸಮಾಧಾನವಾಗಿದೆ, ವಿವರವಾಗಿ ಬರೆಯುತ್ತೇನೆ. ಅಂಗಡಿಯ ಡಿಸ್ಕುಗಳ ಮುಖದ ಮೇಲೆ ಹೆಸರು ಅಚ್ಚಾಗಿರುತ್ತದೆ. ನಾನು ರೆಕಾರ್ಡ್ ಮಾಡಿದ ಮುನ್ನೂರ ಎಂಬತ್ತಾರು ಹಳೆಯ ಚಿತ್ರಗಳ ಡಿಸ್ಕಿನ ಮೇಲೆ ಏನೂ ಇಲ್ಲ. ಡಿಸ್ಕಿಗೆ ಪೆನ್ನು ತಾಗಿಸಬಾರದು, ಮಸಿ ಒಳಗಿಳಿಯುತ್ತದೆ ಎನ್ನುವುದು ನನ್ನ ನಿಯಮ. ಹೆಸರು ಬರೆದದ್ದೆಲ್ಲ ಡಬ್ಬಿಯ ಚೀಟಿಯಲ್ಲಿ. ಆ ಚೀಟಿಗಳೀಗ ಪೆಟ್ಟಿಗೆಯಲ್ಲಿ ಸಾಲಾಗಿ ನಿಂತಿವೆ, ಡಿಸ್ಕುಗಳು ರಾಶಿಯಾಗಿ ಬಿದ್ದಿವೆ, ಯಾವುದು ಯಾವುದರದ್ದೆಂದು ದೇವರಿಗೇ ಗೊತ್ತು. ನಮ್ಮ ಕೇಂದ್ರದಲ್ಲಿ ಕಟ್ಟು ಬಿಚ್ಚುವವನು ಒಬ್ಬ, ಜೋಡಿಸುವವನು ಇನ್ನೊಬ್ಬ. ಒಬ್ಬನೇ ಎರಡೂ ಮಾಡಿದರೆ ಹೀಗೆ.

ಹಾಕಿ ನೋಡಿದರೂ ತಿಳಿಯುವುದಿಲ್ಲ. ಜಾಹೀರಾತು ಮುಗಿಯಲಿ ಎಂದು ಕಾದು ರೆಕಾರ್ಡ್ ಒತ್ತುತ್ತಿದ್ದೆ, ಅಷ್ಟರಲ್ಲಿ ಶುರುವಿನ ಹೆಸರುಗಳು ದಾಟಿರುತ್ತಿದ್ದವು, ಹಾಗಾಗಿ ಒಂದರಲ್ಲೂ ಚಿತ್ರದ ಹೆಸರು ಬಂದಿಲ್ಲ. ಅವುಗಳಲ್ಲಿ ಒಂದನ್ನೂ ನಾನು ಇನ್ನೂ ನೋಡಿಲ್ಲ.

ನನ್ನವಳು ರಾಶಿ ನೋಡಿದಳು, ನನ್ನ ಮುಖ ನೋಡಿದಳು, ಒಳಗೆ ಹೋಗಿ ನಕ್ಕಳು. ಬಾಗಿಲು ಹಾಕಿಕೊಂಡಿದ್ದರೂ ಕೇಳಿಸಿತು.

ಮಾರ್ಚ್ 10, ಸೋಮವಾರ

ಅತ್ತೆ ಬಂದರು. ಎಪ್ಪತ್ತೆಂಟು ವರ್ಷ, ನಾಲ್ಕು ಕಾಲಿನ ನಡಿಗೆಗೋಲು, ಹರಿತವಾದ ಮೂಗು. ಮಂಚದ ಮೇಲೆ ಕೂತು ಬೋಳು ಗೋಡೆಯನ್ನು ನೋಡಿದರು.

“ಅಳಿಯಂದ್ರ ಡಬ್ಬಿಗಳೆಲ್ಲ ಎಲ್ಲಿ ಹೋದ್ವು ಕೇಳು.”

“ಗುಜರಿಗೆ ಅಂತ ಹೇಳು” ಎಂದೆ.

“ನನ್ನಿಂದಾಗಿ ಕೊಟ್ರಾ ಕೇಳು.”

ಹೌದು ಎನ್ನಲು ನಾಲಿಗೆ ತುದಿಯವರೆಗೆ ಬಂದಿತ್ತು. ನನ್ನವಳ ಕಣ್ಣು ನೋಡಿ ಉಗುಳು ನುಂಗಿಕೊಂಡೆ.

ಮಾರ್ಚ್ 12, ಬುಧವಾರ

ಎರಡು ದಿನದಲ್ಲಿ ಐದು ಡಿಸ್ಕು ಗುರುತಾಗಿವೆ, ಅದರಲ್ಲಿ ಎರಡು ಅನುಮಾನ. ಈ ವೇಗದಲ್ಲಿ ಆಗಸ್ಟ್ ತಿಂಗಳಾಗುತ್ತದೆ.

ಇವತ್ತೊಂದು ವಿಚಿತ್ರ. ನನ್ನವಳು ರಕ್ತಪರೀಕ್ಷಾ ಕೇಂದ್ರಕ್ಕೆ ಕೆಲಸಕ್ಕೆ ಹೋಗಿದ್ದಳು. ನಾನು ಹಜಾರದಲ್ಲಿ ಒಂದು ಡಿಸ್ಕು ಹಾಕಿ ಕೂತಿದ್ದೆ. ಯಾರೋ ಕೆಮ್ಮುತ್ತಾನೆ, ರೈಲು ಕೂಗುತ್ತದೆ, ಒಂದು ಹೆಂಗಸು ಬಾಗಿಲು ತಟ್ಟುತ್ತಾಳೆ. ತಲೆಬುಡ ತಿಳಿಯಲಿಲ್ಲ. ನಡುಕೋಣೆಯಿಂದ ಅತ್ತೆಯ ದನಿ ಬಂತು:

“ಅದು ಗಡಿಯಾರ ರಿಪೇರಿಯವನ ಚಿತ್ರ ಅಂತ ಹೇಳು.”

ಯಾರಿಗೆ ಹೇಳಬೇಕು? ಮನೆಯಲ್ಲಿ ಇನ್ನೊಂದು ನರಪಿಳ್ಳೆ ಇಲ್ಲ. ಹತ್ತು ನಿಮಿಷ ಬಿಟ್ಟು ತೆರೆಯ ಮೇಲೆ ಗಡಿಯಾರದಂಗಡಿ ಬಂತು. ಅವರು ಮಲಗಿದ್ದಲ್ಲಿಂದ ಟಿವಿ ಕಾಣುವುದಿಲ್ಲ, ನಡುವೆ ಗೋಡೆಯಿದೆ. ಪೆಟ್ಟಿಗೆಯಲ್ಲಿ ಹುಡುಕಿದೆ, ಗಡಿಯಾರದ ಹೆಸರಿರುವ ಚೀಟಿಯೊಂದು ಸಿಕ್ಕಿತು.

ಮಾರ್ಚ್ 13, ಗುರುವಾರ

ಪರೀಕ್ಷೆ ಮಾಡಿಯೇ ಬಿಡೋಣವೆಂದು ಬೇಕೆಂದೇ ಗೋಡೆಯ ಕಡೆ ಸದ್ದು ಜೋರು ಮಾಡಿ ಹನ್ನೆರಡು ಡಿಸ್ಕು ಹಾಕಿದೆ. ಹನ್ನೊಂದಕ್ಕೆ ಹೆಸರು ಬಂತು. ಒಂದಕ್ಕೆ ಮೂರು ಸೆಕೆಂಡೂ ಹಿಡಿಯಲಿಲ್ಲ. ಹನ್ನೆರಡನೆಯದಕ್ಕೆ “ಅದು ನಮ್ಮಲ್ಲಿ ಬಂದಿರ್ಲಿಲ್ಲ” ಎಂದರು.

ಕೇಂದ್ರದಲ್ಲಿ ನನಗಿಂತ ಚುರುಕಿನವರನ್ನು ನಾನು ಕಂಡಿಲ್ಲ. ಇವರು ಅಲ್ಲಿ ಇರಲಿಲ್ಲವಲ್ಲ.

ಮಾರ್ಚ್ 19, ಬುಧವಾರ

ವ್ಯಾಯಾಮ ಮಾಡಿಸುವ ಹುಡುಗಿ ಬಂದು, ಅಜ್ಜಿ ಮಲಗಿದ್ದು ಸಾಕು, ಕೂರಬೇಕು ಎಂದಳು. ದಿಂಬು ಕೊಟ್ಟು ಅತ್ತೆಯನ್ನು ಹಜಾರದ ಕುರ್ಚಿಗೆ ತಂದೆ. ಕೆಲಸಕ್ಕೂ ಅನುಕೂಲ. ಅವರು ಕಣ್ಣು ಮುಚ್ಚಿ ಕೇಳುತ್ತಾರೆ, ಹೆಸರು ಹೇಳುತ್ತಾರೆ, ನಾನು ಚೀಟಿ ಹುಡುಕಿ ಡಿಸ್ಕಿನ ಜೇಬಿಗೆ ಸೇರಿಸುತ್ತೇನೆ.

“ಕಣ್ಣು ಯಾಕೆ ಮುಚ್ತೀರಿ?” ಎಂದು ಕೇಳಿದೆ.

“ನೋಡಿದ್ರೆ ಗೊತ್ತಾಗಲ್ಲ ಅಳಿಯಂದ್ರೇ. ನಾನು ಒಂದನ್ನೂ ನೋಡಿಲ್ಲ.”

ಅವರ ಟಿಕೆಟ್ ಕೋಣೆಗೂ ಚಿತ್ರಮಂದಿರಕ್ಕೂ ನಡುವೆ ಒಂದೇ ಹಲಗೆಯಂತೆ. ಸದ್ದೆಲ್ಲ ಈಚೆ ಬರುತ್ತಿತ್ತು. “ಒಂದು ಚಿತ್ರ ನೂರು ದಿನ ಓಡಿದ್ರೆ, ದಿನಕ್ಕೆ ನಾಲ್ಕು ಆಟ. ನಾನೂರು ಸಲ ಕೇಳಿದ್ದೀನಿ. ಒಂದ್ಸಲಾನೂ ನೋಡಿಲ್ಲ. ಒಂದಾಟ ಬಿಡೋ ಹೊತ್ತಿಗೆ ಇನ್ನೊಂದಕ್ಕೆ ಸಾಲು ನಿಂತಿರ್ತಿತ್ತು. ಕೆಲಸ ಮುಗಿದ್ರೆ ಮನೇಲಿ ಇಬ್ಬರು ಮಕ್ಕಳು ಹಸ್ಕೊಂಡು ಕೂತಿರ್ತಿದ್ರು. ಅವರ ಅಪ್ಪ ಸಂಬಳದ ದಿನ ಹೊರಟ್ರೆ ಮೂರನೇ ದಿನ ಯಾವುದಾದ್ರೂ ಚಿತ್ರಮಂದಿರದಲ್ಲಿ ಸಿಗ್ತಿದ್ರು.”

ಮಾವ ನಾನು ಮದುವೆಯಾಗುವ ಮೊದಲೇ ತೀರಿಕೊಂಡಿದ್ದರು. ಈ ವಿಷಯ ನನಗೆ ಯಾರೂ ಹೇಳಿರಲಿಲ್ಲ. “ಈಗ ಕಣ್ಣು ಬಿಡಿ, ನೋಡಿ” ಎಂದೆ.

ಅವರು ಕಣ್ಣು ಬಿಟ್ಟು ಕನ್ನಡಕ ಹಾಕಿಕೊಂಡರು. ತೆರೆಯ ಮೇಲೆ ನಾಯಕ ಹಾಡುತ್ತಿದ್ದ. ಬಹಳ ಹೊತ್ತು ನೋಡಿದರು.

“ಇವನಾ?” ಎಂದರು. “ಆ ದನಿಗೆ ಇಷ್ಟೇ ಇಷ್ಟು ಎತ್ತರಾನಾ? ನಾನು ಎಷ್ಟು ವರ್ಷ ಇವನನ್ನ ಮನಸ್ಸಲ್ಲಿ ಎಷ್ಟು ಚೆನ್ನಾಗಿ ಇಟ್ಕೊಂಡಿದ್ದೆ.”

ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ನಗುವಾಗ ಸೊಂಟ ಹಿಡಿದುಕೊಳ್ಳಬೇಕಾಯಿತು.

ಮಾರ್ಚ್ 27, ಗುರುವಾರ

ಜಗಳವಾಯಿತು. ಒಂದು ಡಿಸ್ಕಿಗೆ ಅತ್ತೆ ಹೆಸರು ಹೇಳಿದರು, ಪೆಟ್ಟಿಗೆಯಲ್ಲಿ ಆ ಚೀಟಿಯಿಲ್ಲ. ನಿಮ್ಮ ಕಿವಿ ತಪ್ಪು ಎಂದೆ. ನಿಮ್ಮ ಪೆಟ್ಟಿಗೆ ತಪ್ಪು ಎಂದರು. ಮೂವತ್ತನಾಲ್ಕು ವರ್ಷದಲ್ಲಿ ನಾನು ಒಂದು ಕಾಗದವನ್ನೂ ತಪ್ಪು ಗೂಡಿಗೆ ಹಾಕಿದವನಲ್ಲ ಎಂದೆ. ಹಾಕಿದ್ದು ನಿಮಗೆ ಹೇಗೆ ಗೊತ್ತಾಗುತ್ತೆ, ತಲುಪದೇ ಇದ್ದೋರು ನಿಮ್ಮನ್ನ ಹುಡುಕ್ಕೊಂಡು ಬರ್ತಾರಾ ಎಂದರು.

ಊಟವಾದ ಮೇಲೆ ಪೆಟ್ಟಿಗೆಗಳನ್ನು ಒಂದೊಂದಾಗಿ ಮತ್ತೆ ಹುಡುಕಿದೆ. ಸಂಜೆ ಚೀಟಿ ಸಿಕ್ಕಿತು, ‘ಬ’ದಲ್ಲಿ ಇರಬೇಕಾದ್ದು ‘ಭ’ದಲ್ಲಿ ಇತ್ತು. ಇಂಗು ತಿಂದ ಮಂಗನಂತೆ ತಂದು ಅವರ ಮುಂದಿಟ್ಟೆ. ಚಹಾಕ್ಕೆ ಇನ್ನೊಂದು ಬಿಸ್ಕತ್ತು ಕೇಳಿದರು, ಅಷ್ಟೇ.

ಏಪ್ರಿಲ್ 2, ಬುಧವಾರ

ಉಳಿದಿದ್ದು ನೂರ ನಲವತ್ತು. ಅವರ ಚಿತ್ರಮಂದಿರಕ್ಕೆ ಬಾರದ ಚಿತ್ರಗಳು ಸುಮಾರು ಸಿಗುತ್ತಿವೆ. ಅವನ್ನು ಇಬ್ಬರೂ ಪೂರ್ತಿ ನೋಡಿ, ಕಥೆ ಹಿಡಿದು, ಚೀಟಿಗಳಲ್ಲಿ ಯಾವುದು ಒಪ್ಪುತ್ತದೆಂದು ತೀರ್ಮಾನಿಸಬೇಕು. ಇವತ್ತು ಒಂದರಲ್ಲಿ ಒಬ್ಬ ಸಾಧು ಮುಖದವನು ಬಂದ ಕೂಡಲೇ ಅತ್ತೆ “ಇವನ ಚಪ್ಪಲಿ ಸದ್ದು ಸರಿಯಿಲ್ಲ” ಎಂದರು. ಕೊನೆಗೆ ಕೊಲೆ ಮಾಡಿದವನು ಅವನೇ.

ನನ್ನವಳು ಊಟಕ್ಕೆ ಬಡಿಸುತ್ತ ಕೇಳಿದಳು: “ಯೋಚನೆ ಮಾಡಿದ್ರಾ? ಆಶ್ರಮದ ಆ ಕೋಣೆ ಬೇಕೋ ಬೇಡ್ವೋ ಅಂತ ಅಣ್ಣ ಶುಕ್ರವಾರದೊಳಗೆ ಹೇಳ್ಬೇಕಂತೆ.”

ಹೇಳುತ್ತಿದ್ದೆನೇನೋ. ಅಷ್ಟರಲ್ಲಿ ಅತ್ತೆ ಹಜಾರದಿಂದ “ಅಳಿಯಂದ್ರೇ, ಹಾಡು ಶುರುವಾಯ್ತು” ಎಂದು ಕರೆದರು. ತಟ್ಟೆ ಹಿಡಿದುಕೊಂಡೇ ಓಡಿದೆ.

ಏಪ್ರಿಲ್ 7, ಸೋಮವಾರ

“ಅಣ್ಣನಿಗೆ ಇಪ್ಪತ್ತಕ್ಕೆ ಬಾ ಅಂತ ಹೇಳ್ದೆ” ಎಂದಳು ನನ್ನವಳು, ಬಟ್ಟೆ ಮಡಚುತ್ತ.

“ಯಾಕೆ?”

“ಯಾಕೆ ಅಂದ್ರೆ? ನೀವೇನೂ ಹೇಳ್ಲಿಲ್ಲ. ನೀವು ಏನೂ ಹೇಳದೇ ಇದ್ರೆ ಏನರ್ಥ ಅಂತ ನನಗೆ ಗೊತ್ತಿಲ್ವಾ?” ಇದನ್ನು ಬೇಸರದಿಂದೇನೂ ಹೇಳಲಿಲ್ಲ. ಸೀರೆಯ ಅಂಚು ಸರಿಮಾಡಿ ಮೇಲೆ ಇಟ್ಟಳು.

ಒಳ್ಳೆಯದೇ ಆಯಿತು. ಕೋಣೆ ಖಾಲಿಯಾಗುತ್ತದೆ. ಗೋಡೆಗೆ ಹೊಸ ಕಪಾಟು ಮಾಡಿಸಬಹುದು. ಮಧ್ಯಾಹ್ನ ಅತ್ತೆ ಮಲಗಿದ್ದಾಗ ಅಳತೆ ತೆಗೆಯಲು ಹೋದೆ. ಮೂರು ಸಲ ತೆಗೆದರೂ ಮೂರು ಬೇರೆ ಬೇರೆ ಬಂದವು. ಟೇಪು ಹಳೆಯದಾಗಿದೆ.

ಏಪ್ರಿಲ್ 11, ಶುಕ್ರವಾರ

ಕೆಲಸ ಏಕೋ ಕುಂಟುತ್ತಿದೆ. ಮೊದಲು ಮೂರು ಸೆಕೆಂಡಿಗೆ ಹೇಳುತ್ತಿದ್ದವರು ಈಗ ಅರ್ಧ ಗಂಟೆ ಕೇಳಿ “ಗೊತ್ತಾಗ್ತಿಲ್ಲ, ನಾಳೆ ನೋಡೋಣ” ಎನ್ನುತ್ತಾರೆ. ಮೂವತ್ತು ಡಿಸ್ಕು ಉಳಿದಿವೆ, ದಿನಕ್ಕೆ ಐದಾದರೆ ಹೆಚ್ಚು. ಕಿವಿ ಮಂದವಾಯಿತೇ ಎಂದು ಗಾಬರಿಯಾಗಿ, ಹಿಂದಿನಿಂದ ಹೋಗಿ ಮೆಲ್ಲನೆ “ಚಹಾ?” ಎಂದೆ. “ಸಕ್ಕರೆ ಕಮ್ಮಿ” ಎಂದರು, ತಿರುಗದೆ. ಕಿವಿಗೆ ಏನೂ ಆಗಿಲ್ಲ.

ನಡಿಗೆಗೋಲು ಬಿಟ್ಟು ಬರೀ ಕೋಲಿನಲ್ಲಿ ಅಡುಗೆಮನೆಯವರೆಗೆ ಹೋಗಿ ಬಂದರು. ವ್ಯಾಯಾಮದ ಹುಡುಗಿ ಚಪ್ಪಾಳೆ ತಟ್ಟಿದಳು. ನಾನೂ ತಟ್ಟಿದೆ.

ಏಪ್ರಿಲ್ 17, ಗುರುವಾರ

ಮುಗಿಯಿತು. ಮುನ್ನೂರ ಎಂಬತ್ತಾರೂ.

ಕೊನೆಯ ಡಿಸ್ಕಿಗೆ ಅತ್ತೆ ಹೆಸರು ಹೇಳಿದರು, ಕೊನೆಯ ಚೀಟಿ ಅದೇ ಆಗಿತ್ತು. “ಆಯ್ತಲ್ಲ” ಎಂದರು. “ಆಯ್ತು” ಎಂದೆ. ಖುಷಿಯಾಗಬೇಕಿತ್ತು.

ಏಪ್ರಿಲ್ 18, ಶುಕ್ರವಾರ

ಎರಡನೆಯ ಆಲ್ಬಂನಿಂದ ಹದಿನೈದು ಡಿಸ್ಕು ಅಕಸ್ಮಾತ್ ಆಚೆ ಬಂದವು. ಅವುಗಳ ಚೀಟಿಗಳೂ ಪೆಟ್ಟಿಗೆಗೆ ಹೋಗಿಬಿಟ್ಟವು. ವಯಸ್ಸಾಯಿತು, ಕೈ ಮೊದಲಿನಂತಿಲ್ಲ. ಅತ್ತೆಗೆ, ಬೀರುವಿನ ಹಿಂದೆ ಹದಿನೈದು ಬಿದ್ದಿದ್ದವು, ಈಗ ಸಿಕ್ಕವು ಎಂದೆ. “ಹೌದಾ” ಎಂದರು.

ಏಪ್ರಿಲ್ 19, ಶನಿವಾರ

ಮೊದಲನೆಯದು ಹಾಕಿದೆ. ಕೆಮ್ಮು, ರೈಲು, ಬಾಗಿಲು ತಟ್ಟುವ ಸದ್ದು. ಅವಸರದಲ್ಲಿ ಯಾವುದು ಎತ್ತಿದೆನೆಂದು ನಾನೂ ನೋಡಿರಲಿಲ್ಲ. ಅದೇ ಗಡಿಯಾರ ರಿಪೇರಿಯವನ ಚಿತ್ರ. ಅತ್ತೆ ಕಣ್ಣು ಮುಚ್ಚಿಕೊಂಡರು, ಬಹಳ ಹೊತ್ತು ತೆಗೆಯಲಿಲ್ಲ.

“ಗೊತ್ತಾಗ್ತಿಲ್ಲ” ಎಂದರು. “ಪೂರ್ತಿ ನೋಡೋಣ.”

ಪೂರ್ತಿ ನೋಡಿದೆವು. ಬೇರೆ ಏನೂ ಮಾಡಲಿಲ್ಲ. ಸಂಜೆ ನನ್ನವಳು ಅವರ ಚೀಲ ತುಂಬಿದಳು. ಎರಡು ದಿನದಿಂದ ಅವಳು ನನ್ನ ಜೊತೆ ಅಗತ್ಯವಿದ್ದಷ್ಟೇ ಮಾತಾಡುತ್ತಿದ್ದಾಳೆ. ಹೇಳಬೇಕೆಂದು ಎರಡು ಸಲ ಅಡುಗೆಮನೆಯ ಬಾಗಿಲವರೆಗೆ ಹೋಗಿ ನೀರು ಕುಡಿದು ಬಂದೆ. ಈಗ ಹೇಳಿದರೆ ಭಾವನಿಗೆ ಏನನಿಸುತ್ತದೆ, ಆಶ್ರಮದವರಿಗೆ ಏನು ಹೇಳುವುದು. ಅದಕ್ಕಿಂತ ಮುಖ್ಯವಾಗಿ, ಅತ್ತೆಗೆ ಇಲ್ಲಿರಲು ಇಷ್ಟವಿದೆಯೋ ಇಲ್ಲವೋ. ಅವರು ಬೇಡ ಎಂದುಬಿಟ್ಟರೆ?

ಏಪ್ರಿಲ್ 20, ಭಾನುವಾರ

ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ಹತ್ತು ಗಂಟೆಗೆ ಭಾವ ಬಂದರು. ಒಳ್ಳೆಯ ಮನುಷ್ಯ, ಸದಾ ಅವಸರ. ಚಹಾ ಕುಡಿಯುವ ಮೊದಲೇ ಚೀಲ ಒಯ್ದು ಕಾರಿನಲ್ಲಿಟ್ಟು ಬಂದರು. ಅತ್ತೆ ಕೋಲು ಹಿಡಿದು ಹಜಾರದ ಕುರ್ಚಿಯಿಂದ ಎದ್ದರು.

“ಇನ್ನೂ ಕೆಲಸ ಮುಗಿದಿಲ್ಲ” ಎಂದೆ. ದನಿ ಸ್ವಲ್ಪ ಜೋರಾಯಿತು. “ಇನ್ನೂ ಹದಿನೈದಿದೆ. ಒಂದೆರಡು ವಾರ ಬೇಕಾಗುತ್ತೆ.”

ಭಾವ ಗಡಿಯಾರ ನೋಡಿದರು. “ಹದಿನೈದು ಸಿನಿಮಾಕ್ಕೋಸ್ಕರ ಆ ಕೋಣೆ ಬಿಡೋಕಾಗುತ್ತಾ? ಆಮೇಲೆ ನೀವೇ ಫೋನಲ್ಲಿ ಕೇಳ್ಸಿ, ಅಮ್ಮ ಹೇಳ್ತಾರೆ.”

“ಅದೆಲ್ಲ ಸುಳ್ಳು” ಎಂದರು ಅತ್ತೆ. “ಗುರುವಾರಾನೇ ಎಲ್ಲ ಮುಗಿದಿದೆ. ಆ ಹದಿನೈದನ್ನ ಅಳಿಯಂದ್ರೇ ಮತ್ತೆ ಆಚೆ ತೆಗೆದಿದ್ದು.”

ಭಾವ ನನ್ನನ್ನು ನೋಡಿದರು. ನನ್ನವಳು ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. ಕಳ್ಳತನ ಸಿಕ್ಕಿಬಿದ್ದ ಹುಡುಗನ ಪಾಡು ನನ್ನದು. ನಿವೃತ್ತನಾದ ಮನುಷ್ಯ, ತಲೆಯೆಲ್ಲ ಬೆಳ್ಳಗಾಗಿದೆ.

“ಯಾಕೆ ತೆಗೆದ್ರಿ?” ಎಂದು ಕೇಳಿದರು ಅತ್ತೆ. ಕೋಲಿನ ಮೇಲೆ ಎರಡೂ ಕೈಯಿಟ್ಟು ನನ್ನೆದುರು ನಿಂತಿದ್ದರು. “ನಾನೂ ವಾರದಿಂದ ಗೊತ್ತಿದ್ದೂ ಗೊತ್ತಿಲ್ಲ ಅಂದೆ. ನಾನು ಯಾಕೆ ಹಾಗಂದೆ ಅಂತ ನನಗೆ ಗೊತ್ತು. ನೀವು ಯಾಕೆ ತೆಗೆದ್ರಿ ಅನ್ನೋದು ನಿಮ್ಮ ಬಾಯಲ್ಲೇ ಬರ್ಲಿ.”

“ಅತ್ತೆ, ನೀವು ಹೋಗೋದು ನನಗೆ ಇಷ್ಟ ಇಲ್ಲ” ಎಂದೆ. “ಇಲ್ಲೇ ಇರಿ. ಆರು ವಾರ ಅಲ್ಲ, ಯಾವಾಗ್ಲೂ.”

ನನ್ನವಳು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟಳು. ತೊಳೆಯಲು ಅಲ್ಲಿ ಏನೂ ಇರಲಿಲ್ಲ. ಬಹಳ ಹೊತ್ತು ನೀರು ಸುರಿಯುತ್ತಲೇ ಇತ್ತು.

ಅತ್ತೆ ಹಿಂದೆ ಸರಿದು ಕುರ್ಚಿಯಲ್ಲಿ ಕೂತರು, ಕೋಲನ್ನು ಗೋಡೆಗೆ ಒರಗಿಸಿದರು. ಆಮೇಲೆ ಮಗನ ಕಡೆ ತಿರುಗಿದರು.

“ಕಾರಿಂದ ಆ ಚೀಲ ತಗೊಂಡು ಬಾರಪ್ಪ” ಎಂದರು. “ನನ್ನ ಕನ್ನಡಕ ಅದರಲ್ಲೇ ಇದೆ.”